ಕೂಲಿಯ ಲೆಕ್ಕ, ಯಂತ್ರದ ಲೆಕ್ಕ

ಮೊರಬ

ಚಿರಂಜೀವಿ ತಮ್ಮನಿಗೆ,

ಈ ಪತ್ರ ನಿನ್ನನ್ನುದ್ದೇಶಿಸಿ ಬರೆದುದಾದರೂ, ಹುಬ್ಬಳ್ಳಿ ಧಾರವಾಡಗಳ ಕಾರ್ಖಾನೆಗಳಲ್ಲಿ ಕೆಲಸ ಕಲಿತು ಈಗ ಸ್ವಂತ ಉದ್ಯಮ ಹೂಡಲೆಳಸುವ ನಮ್ಮ ಸೀಮೆಯ ತರುಣರೆಲ್ಲರೂ ಓದಲೆಂದು ಅಚ್ಚಿಗೆ ಕೊಡುತ್ತಿದ್ದೇನೆ. ನಿನ್ನ ಕಾಗದದ ಸಾರವಿಷ್ಟು: ಆಳುಗಳು ಸಿಗುವುದಿಲ್ಲ, ಸಿಕ್ಕವರ ಕೂಲಿ ವರ್ಷದಿಂದ ವರ್ಷಕ್ಕೆ ಏರುತ್ತಿದೆ, ಆದಕಾರಣ ನವಲಗುಂದದ ಕಡೆ ನೀನು ಕಟ್ಟಬೇಕೆಂದಿರುವ, ಹತ್ತಿಯಿಂದ ಕಾಳು ಬಿಡಿಸುವ ಜಿನ್ನಿನಲ್ಲಿ ಮನುಷ್ಯರ ಕೈ ಎಲ್ಲಿಯೂ ಸೋಕದಂತೆ ಯಂತ್ರಗಳನ್ನೇ ಕೂಡಿಸತಕ್ಕದ್ದು. ಯಂತ್ರ ಬೇಡವೆಂದು ಹೇಳುವ ಮುದುಕ ನಾನಲ್ಲ. ಆದರೆ ನೀನು ಹಾಕಿದ್ದು ಅರ್ಧ ಲೆಕ್ಕ.

ಕೂಲಿಯ ದರವೇ ಬೇರೆ, ಕೆಲಸಕ್ಕೆ ತಗಲುವ ವೆಚ್ಚವೇ ಬೇರೆ. ತಿಳಿಯಲೆಂದು ಹೇಳುತ್ತೇನೆ: ಒಬ್ಬಾಕೆ ದಿನಕ್ಕೆ 400 ರೂಪಾಯಿ ಪಡೆದು 40 ಕಿಲೋ ಸರಕನ್ನು ಹಸನು ಮಾಡುತ್ತಾಳೆಂದೂ, ಇನ್ನೊಬ್ಬಾಕೆ 540 ರೂಪಾಯಿ ಪಡೆದು 60 ಕಿಲೋ ಮಾಡುತ್ತಾಳೆಂದೂ ಇಟ್ಟುಕೋ. ಕಿಲೋಗೆ ಮೊದಲನೆಯವಳ ಕೆಲಸ ಹತ್ತು ರೂಪಾಯಿ, ಎರಡನೆಯವಳದು ಒಂಬತ್ತು; ಹೆಚ್ಚು ಕೂಲಿ ಪಡೆದವಳೇ ಅಗ್ಗವಾದಳು. ಅವಳು ಇಪ್ಪತ್ತು ಕಿಲೋ ಹೆಚ್ಚು ಮಾಡಿದ್ದು ರಟ್ಟೆಯ ಬಲದಿಂದಲೇ ಅಲ್ಲ. ಸರಕು ಹೊತ್ತಿಗೆ ಸರಿಯಾಗಿ ಕೈಗೆ ಬಂದಿರಬಹುದು, ಬೆಳಕು ನೆಟ್ಟಗಿರಬಹುದು, ಬೆಲ್ಟು ಹರಿದು ಕೆಲಸ ನಿಲ್ಲದಿದ್ದಿರಬಹುದು. ಇವೆಲ್ಲ ಮಾಲಿಕನ ಕೆಲಸಗಳು. ಇವು ಕೆಟ್ಟಾಗ ಬೈಗಳು ಮಾತ್ರ ಆಳಿಗೆ.

ನಮ್ಮ ಜಿಲ್ಲೆಯಲ್ಲಿಯೇ ಇಂಥ ಅರ್ಧ ಲೆಕ್ಕದ ದೊಡ್ಡದೊಂದು ಪಾಠ ನಡೆದುಹೋಗಿದೆ. ಪೂರ್ವದಲ್ಲಿ ಇಲ್ಲಿಯ ಹೆಣ್ಣುಮಕ್ಕಳು ಚಪ್ಪಟೆ ಕಲ್ಲಿನ ಮೇಲೆ ಹತ್ತಿಯನ್ನು ಹರಡಿ, ಕಬ್ಬಿಣದ ಸಲಾಕೆಯನ್ನು ಪಾದಗಳಿಂದ ಉರುಳಿಸಿ ಕಾಳನ್ನು ಬೇರ್ಪಡಿಸುತ್ತಿದ್ದರು. ಆ ಅರಳೆಯು ಘಟ್ಟವಿಳಿದು ಕುಮಟೆಯ ಬಂದರಿನಿಂದ ಮುಂಬಯಿಗೆ ಹೋಗುತ್ತಿದ್ದುದರಿಂದ, ಬೆಳೆದದ್ದು ನಮ್ಮ ಎರೆಹೊಲದಲ್ಲಾದರೂ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿಯೆಂದೇ ಹೆಸರಾಯಿತು. 1840ರ ದಶಕದಲ್ಲಿ ಕಂಪನಿ ಸರಕಾರವು ಅಮೆರಿಕದ ಬೀಜವನ್ನು ಇಲ್ಲಿ ಬಿತ್ತಿಸಿತು. ಆ ಹತ್ತಿಯ ಎಳೆ ಕಾಳಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಪಾದದ ಸಲಾಕೆ ಸಾಲದೆ, ಗರಗಸದ ಹಲ್ಲುಗಳುಳ್ಳ ಜಿನ್ನುಗಳು ಬಂದವು. ಯಂತ್ರವು ಅನೇಕರ ಕೆಲಸವನ್ನು ಒಂದೇ ದಿನದಲ್ಲಿ ಮುಗಿಸಿದ್ದು ನಿಜ. ಆದರೆ ಹಲ್ಲು ಮೊಂಡಾದರೆ, ಗರಗಸ ಸೊಟ್ಟಗಾದರೆ ಸರಿಪಡಿಸಬಲ್ಲವನು ಹಳ್ಳಿಯಲ್ಲಿರಲಿಲ್ಲ. ಜಿನ್ನುಗಳನ್ನು ಕಟ್ಟುವುದಕ್ಕೂ ರಿಪೇರಿಗೂ ಸರಕಾರವೇ ಧಾರವಾಡದಲ್ಲಿ ಕಾರ್ಖಾನೆ ನಡೆಸಬೇಕಾಯಿತು. ದುರಸ್ತಿಯಿಲ್ಲದ ಜಿನ್ನುಗಳು ಎಳೆಯನ್ನು ತುಂಡರಿಸಿದವು. ಅಷ್ಟರಲ್ಲಿ 1861ರ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಗಗನಕ್ಕೇರಿ, ಆಸೆಗೆ ಬಿದ್ದವರು ಜಾತಿಜಾತಿಯ ಹತ್ತಿಗಳನ್ನು ಬೆರೆಸಿ ಮಾರಿದರು. 1863ರಲ್ಲಿ ಹತ್ತಿಯ ಮೋಸವನ್ನು ತಡೆಯಲೆಂದೇ ಮುಂಬಯಿ ಸರಕಾರವು ಕಾಯದೆ ಮಾಡಬೇಕಾಗಿ ಬಂತು. ಕಡಿಮೆ ಖರ್ಚಿನಲ್ಲಿ ಹೆಚ್ಚು ಅರಳೆ ತೆಗೆದೆವೆಂದು ಬೀಗಿದವರ ಸರಕಿಗೆ ಪೇಟೆಯಲ್ಲಿ ಬೆಲೆಯಿಲ್ಲದಿದ್ದರೆ ಆ ಉಳಿತಾಯವನ್ನು ಯಾವ ಖಾತೆಯಲ್ಲಿ ಬರೆಯುವುದು?

ಇನ್ನು ಇಂದಿನ ಮಾತು. 2000ದಲ್ಲಿ ಕೇಂದ್ರ ಸರಕಾರವು ಹತ್ತಿಯ ತಂತ್ರಜ್ಞಾನ ಮಿಷನ್ನನ್ನು ಆರಂಭಿಸಿದ ಮೇಲೆ, ಬುಟ್ಟಿಯಲ್ಲಿ ಹೊತ್ತು ತಂದು ಕೈಯಿಂದ ಜಿನ್ನಿಗೆ ಹತ್ತಿ ಉಣಿಸುವ ಪದ್ಧತಿ ಹೋಗಿ, ಸಾಗಿಸುವ ಪಟ್ಟಿಗಳೂ ತಾನಾಗಿ ಉಣಿಸುವ ಸಲಕರಣೆಗಳೂ ಅನೇಕ ಕಡೆ ಬಂದವು. ಇವನ್ನು ನೀನು ಅವಶ್ಯವಾಗಿ ಹಾಕಿಸು. ಆದರೆ ನಾಲ್ಕು ಆಳಿನ ಕೂಲಿ ಉಳಿಯಿತೆಂಬುದು ಅದರ ಮುಖ್ಯ ಲಾಭವಲ್ಲ. ನೆಲಕ್ಕೆ ಸುರಿದು ಎತ್ತುವಾಗ ಸೇರುವ ಕೂದಲು, ಗೋಣಿಯ ದಾರ, ಪ್ಲಾಸ್ಟಿಕ್ಕಿನ ಚೂರುಗಳು ತಪ್ಪುತ್ತವೆ. ನೂಲಿನ ಗಿರಣಿಯವನು ಬೆಲೆ ಕೊಡುವುದು ಆ ಶುದ್ಧಿಗೆ. ಹತ್ತಿಯ ಧೂಳು ಕುಡಿದು ಎದೆ ಕಟ್ಟುವ ಕೆಲಸದಿಂದ ಹೆಂಗಸರು ಬಿಡುಗಡೆ ಹೊಂದುವುದೂ ಸಣ್ಣ ಮಾತಲ್ಲ. ಯಂತ್ರದ ನಿಜವಾದ ಲಾಭ ಇಂಥದೇ ಎಂಬುದಕ್ಕೆ ಮಗ್ಗದ ನಿದರ್ಶನವೂ ಉಂಟು: ಜಪಾನಿನ ಸಾಕಿಚಿ ಟೊಯೋಡಾ 1924ರಲ್ಲಿ ಪೂರ್ಣಗೊಳಿಸಿದ ಮಗ್ಗವು ಎಳೆ ಹರಿದರೆ ತಾನಾಗಿಯೇ ನಿಲ್ಲುತ್ತಿತ್ತು. ಬರಿದೆ ನೋಡುತ್ತ ನಿಲ್ಲುವ ಕೆಲಸ ತಪ್ಪಿದ್ದರಿಂದ ಒಬ್ಬಳೇ ಅನೇಕ ಮಗ್ಗಗಳನ್ನು ನಡೆಸಬಲ್ಲವಳಾದಳು, ಕೆಟ್ಟ ಬಟ್ಟೆ ನೇಯುವುದೂ ತಪ್ಪಿತು.

ನಿನ್ನ ಲೆಕ್ಕದಲ್ಲಿ ಕಾಣದ ಇನ್ನೊಂದು ಬಾಬು ಕಾಲದ್ದು. ಜಿನ್ನು ಹಂಗಾಮಿನ ಉದ್ಯೋಗ. ಹತ್ತಿ ಬರುವುದು ವರ್ಷದ ಕೆಲವೇ ತಿಂಗಳು. ಮಳೆ ಕೈಕೊಟ್ಟ ವರ್ಷ ಇನ್ನೂ ಕಡಿಮೆ. ಕೆಲಸವಿಲ್ಲದ ದಿನ ಆಳಿಗೆ ಕೂಲಿಯಿಲ್ಲ, ಅದು ಅವರ ದುರ್ದೈವ. ಯಂತ್ರಕ್ಕಾದರೋ ಹನ್ನೆರಡು ತಿಂಗಳೂ ಬಡ್ಡಿಯೆಂಬ ಕೂಲಿ ತಪ್ಪದು. ಅದು ಸಾಲ ಕೊಟ್ಟವನ ಮನೆಗೆ ಹೋಗುವುದರಿಂದ ನಿನಗೆ ಕೂಲಿಯಂತೆ ಕಾಣಿಸುವುದಿಲ್ಲ, ಅಷ್ಟೆ.

ಕಾಳು ಬಿಡಿಸುವ ಕೆಲಸವನ್ನು ಪಾದದಿಂದ ಕಿತ್ತು ಯಂತ್ರಕ್ಕೆ ಕೊಟ್ಟುದಕ್ಕೆ ಇಂದು ಯಾರೂ ಅಳುವುದಿಲ್ಲ, ಅಳಬೇಕಾಗಿಯೂ ಇಲ್ಲ. ನವಲಗುಂದದ ಜಮಖಾನೆಯ ಮಾತು ಬೇರೆ. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು ಹೆಂಗಸರು ಕೈಯಿಂದ ನೇಯ್ದುದಕ್ಕೇ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತದ್ದು. ಅಲ್ಲಿ ಕೈಯನ್ನು ತೆಗೆದರೆ ಸರಕೇ ಉಳಿಯುವುದಿಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪಿತವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಕೈನೂಲಿನ ಬಟ್ಟೆಯಲ್ಲಿ ರಾಷ್ಟ್ರಧ್ವಜವನ್ನು ಸಿದ್ಧಪಡಿಸುತ್ತದೆ. 2021ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವು ಧ್ವಜಸಂಹಿತೆಯನ್ನು ತಿದ್ದಿ, ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಕೊಟ್ಟಿತು. ಬೆಲೆಯೊಂದನ್ನೇ ಪಣಕ್ಕಿಟ್ಟರೆ ಚರಕವು ಯಂತ್ರದೊಡನೆ ಎಂದಿಗೂ ಗೆಲ್ಲದು. ಆ ತಿದ್ದುಪಡಿ ನನಗೆ ಸೇರಲಿಲ್ಲ. ಆದರೂ ಜಮಖಾನೆಯಾಗಲಿ ಖಾದಿಯಾಗಲಿ ಬಾಳಬೇಕಾದರೆ, ನೇಯುವವಳ ಮಗಳು ಅದೇ ಕೆಲಸಕ್ಕೆ ಕುಳಿತುಕೊಳ್ಳಲು ಒಪ್ಪುವಷ್ಟು ಕೂಲಿ ಕೊಡಬೇಕು; ಕಲೆಯೆಂದು ಹೊಗಳಿ ಕಡಿಮೆ ಕೊಡುವುದು ಬರಿಯ ಜಿಪುಣತನ.

ಆದುದರಿಂದ ತಮ್ಮಾ, ಯಂತ್ರ ಮಾರುವವನ ಪಟ್ಟಿಯನ್ನು ಸದ್ಯಕ್ಕೆ ಮಡಚಿಡು. ಬರುವ ಹಂಗಾಮಿನಲ್ಲಿ ಅಣ್ಣಿಗೇರಿಯ ಕಡೆ ಯಾವುದಾದರೊಂದು ಜಿನ್ನಿನಲ್ಲಿ ಮಾಲಿಕರ ಅಪ್ಪಣೆ ಪಡೆದು ಕೆಲಕಾಲ ಕುಳಿತು ಕಿರ್ದಿ ಬರೆ: ಯಂತ್ರ ಎಷ್ಟು ತಾಸು ಓಡಿತು, ಎಷ್ಟು ತಾಸು ನಿಂತಿತು, ನಿಂತದ್ದು ವಿದ್ಯುತ್ತಿಲ್ಲದೆಯೋ, ಹತ್ತಿ ಬಾರದೆಯೋ, ಫಿಟ್ಟರನಿಲ್ಲದೆಯೋ. ಉಣಿಸುವ ಸಲಕರಣೆ ಬಂದ ಮೇಲೆ ಕೆಲಸ ಹೋಗುವ ಹೆಂಗಸರಲ್ಲಿ ಯಾರು ಯಂತ್ರ ನಡೆಸಲು ಕಲಿಯಬಲ್ಲರೆಂಬುದನ್ನೂ ವಿಚಾರಿಸು. ಹೊಸಬನಿಗಿಂತ ಅರಳೆಯ ಗುಣವನ್ನು ಅವರೇ ಚೆನ್ನಾಗಿ ಬಲ್ಲರು. ಆ ಕಿರ್ದಿಯನ್ನು ತೆಗೆದುಕೊಂಡು ಊರಿಗೆ ಬಾ. ಸಾಲದ ಕಾಗದಕ್ಕೆ ಸಹಿ ಹಾಕುವ ಮಾತನ್ನು ಆಮೇಲೆ ಆಡೋಣ.

ಇಂತು ನಿನ್ನ
ಕಾಕಾ