ಟೀಸ್ ನದೀಮುಖದ ಹಳೆಯ ಸ್ಥಳಾಕೃತಿ ನಕ್ಷೆಗಳು

ಬ್ರಿಟನ್ನಿನ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆ ಹುಟ್ಟಿದ್ದು 1791ರಲ್ಲಿ, ಸೇನೆಯ ಅಗತ್ಯಕ್ಕಾಗಿ. ಹೆಸರಿನಲ್ಲಿಯೇ ಫಿರಂಗಿಯಿದೆ ('ಆರ್ಡ್‌ನೆನ್ಸ್' ಎಂದರೆ ಫಿರಂಗಿ). ಅದರ ಮೊದಲ ನಕ್ಷೆ 1801ರ ಕೆಂಟ್.

ನಕ್ಷೆಯ ಮಾನಕಗಳು (ಸ್ಕೇಲ್) ನೆನಪಿರಲಿ: ಮೈಲಿಗೆ ಒಂದು ಇಂಚು ಎಂದರೆ 1:63,360, ಆರು ಇಂಚು ಎಂದರೆ 1:10,560. 'ಇಪ್ಪತ್ತೈದು ಇಂಚಿನ ನಕ್ಷೆ' ಎಂಬುದು ರೂಢಿಯ ಮಾತಷ್ಟೇ, ನಿಜವಾದ ಮಾನಕ 1:2,500. ಪರೀಕ್ಷೆಯ ಅಭ್ಯರ್ಥಿಗಳು ಎಡವುವುದು ಇಲ್ಲಿಯೇ: ಛೇದ ಹಿಗ್ಗಿದಷ್ಟೂ ಮಾನಕ ಕಿರಿದು.

ಇನ್ನು ಟೀಸ್ ನದೀಮುಖದ ನಕ್ಷೆಗಳಿಗೆ ಬರೋಣ: ಈಶಾನ್ಯ ಇಂಗ್ಲೆಂಡಿನಲ್ಲಿ ಈ ನದಿಯ ದಡದಲ್ಲಿರುವ ಮಿಡಲ್ಸ್‌ಬರೊ 1801ರಲ್ಲಿ 25 ಜನರ ಊರು. 1830ರಲ್ಲಿ ಕಲ್ಲಿದ್ದಲು ಸಾಗಿಸುವ ರೈಲು ಬಂತು, 1850ರಲ್ಲಿ ಪಕ್ಕದ ಎಸ್ಟನ್ ಬೆಟ್ಟದಲ್ಲಿ ಕಬ್ಬಿಣದ ಅದಿರು ಸಿಕ್ಕಿತು. 1901ರ ಹೊತ್ತಿಗೆ ಜನಸಂಖ್ಯೆ 90,000 ದಾಟಿತ್ತು. ಬೇರೆ ಬೇರೆ ಕಾಲದ ಹಾಳೆಗಳನ್ನು ಪಕ್ಕಪಕ್ಕ ಇಟ್ಟರೆ ಕೆಸರುಬಯಲು ಕುಗ್ಗುತ್ತ, ಕುಲುಮೆ, ಹಳಿ, ಧಕ್ಕೆಗಳು ಒತ್ತೊತ್ತಾಗುವುದು ಕಾಣುತ್ತದೆ. ಕರಾವಳಿಯ ರೇಖೆಯೂ ಬದಲಾಗಿದೆ: ನದೀಮುಖದ ಸೌತ್ ಗೇರ್ ಅಲೆತಡೆಗೋಡೆಯನ್ನು (1861–1888) ಕಟ್ಟಿದ್ದು ಕುಲುಮೆಗಳ ಕಿಟ್ಟದಿಂದ. ಕಸವೇ ಭೂಗೋಳವಾದ ಅಪರೂಪದ ಉದಾಹರಣೆ! ಟೀಸ್ ಮೇಲಿನ 1911ರ ಟ್ರಾನ್ಸ್‌ಪೋರ್ಟರ್ ಸೇತುವೆ ಈಗಲೂ ನಿಂತಿದೆ. ಹತ್ತಿರದ ರೆಡ್‌ಕಾರ್‌ನಲ್ಲಿ ಉಕ್ಕು ತಯಾರಿಕೆ 2015ರಲ್ಲಿ ನಿಂತಿತು.

ನಮಗೂ ಒಂದು ನಂಟು: ಮಿಡಲ್ಸ್‌ಬರೊ ಸೇರಿದ್ದ ಹಳೆಯ ಯಾರ್ಕ್‌ಷೈರ್ ಸೀಮೆಯಿಂದಲೇ ಬಂದ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆ ಅಳೆದವರು, 1802ರಲ್ಲಿ ಮದ್ರಾಸಿನಿಂದ ತ್ರಿಕೋನಮಿತಿ ಸರ್ವೆ ಆರಂಭಿಸಿದವರೂ ಅವರೇ. ಸರ್ವೆ ಆಫ್ ಇಂಡಿಯಾ (1767) ಆರ್ಡ್‌ನೆನ್ಸ್ ಸರ್ವೆಗಿಂತ 24 ವರ್ಷ ಹಿರಿಯದು.