ಆನ್‌ಲೈನ್ ಅಂಗಡಿ: ಮೊದಲ ಪಾಠ

ನಂಗಲಿಯ ಸೋದರಿಯರೇ, ಮನೆಯ ಮಾವಿನ ಉಪ್ಪಿನಕಾಯಿಯನ್ನು ಮೊಬೈಲ್ ಮೂಲಕ ಮಾರಬಯಸುವವರು ಈ ಕ್ರಮವನ್ನು ಅನುಸರಿಸಿರಿ.

1. ಮೊದಲು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿರಿ.

2. ಸೀಸೆಯ ಮೇಲೆ ತೂಕ, ಬೆಲೆ, ತಯಾರಿಸಿದ ದಿನಾಂಕ ನಮೂದಿಸಿರಿ.

3. ಬೆಲೆ ಕಟ್ಟುವಾಗ ಸೀಸೆ, ಪಾರ್ಸೆಲ್, ಮಾರಾಟ ತಾಣದ ಕಮಿಷನ್ ಇವೆಲ್ಲವನ್ನೂ ಸೇರಿಸಿರಿ. ಇಲ್ಲವಾದರೆ ದುಡಿದದ್ದೆಲ್ಲ ನಷ್ಟಕ್ಕೇ ಸರಿ.

4. ವರ್ಷದ ವ್ಯಾಪಾರ 40 ಲಕ್ಷ ರೂಪಾಯಿ ಮೀರದಿದ್ದು, ತಾಣಗಳ ಮೂಲಕ ರಾಜ್ಯದೊಳಗೆ ಮಾತ್ರ ಮಾರುವವರಿಗೆ 2023ರ ಅಕ್ಟೋಬರ್ 1ರಿಂದ ಜಿ.ಎಸ್.ಟಿ. ನೋಂದಣಿ ಬೇಕಿಲ್ಲ, ಪ್ಯಾನ್ ಕೊಟ್ಟು ದಾಖಲಾತಿ ಸಂಖ್ಯೆ ಪಡೆದರೆ ಸಾಕು. ಗಡಿಯಾಚೆ ಮಾರಿದರೆ ನೋಂದಣಿ ಕಡ್ಡಾಯ. ದೂರದ ಬೆಂಗಳೂರಿಗೆ ಬೇಡವಾದ ನೋಂದಣಿ, ಆಂಧ್ರದಲ್ಲಿರುವ ನೆರೆಯ ಪಲಮನೇರಿಗೆ ಬೇಕು!

ಆದುದರಿಂದ ಆರಂಭದಲ್ಲಿ ಕರ್ನಾಟಕದ ಗಿರಾಕಿಗಳಿಗಷ್ಟೇ ಮಾರಿರಿ. ವ್ಯಾಪಾರ ಕುದುರಿದ ಮೇಲೆ ನೋಂದಣಿ ಮಾಡಿಸಿ ಗಡಿ ದಾಟಿರಿ.