ಕೊನೆಯ ಅರ್ಧ ಸುತ್ತು

ತಂಗೀ, ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಮುಗಿಸಿ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿಗೆ ಎಲುಬಿನ ಶಸ್ತ್ರಚಿಕಿತ್ಸೆ ಕಲಿಯಲು ಬಂದಿದ್ದೀ. ಪೋರ್ಚುಗೀಸರ ಕಾಲದಲ್ಲಿ, 1842ರಲ್ಲಿ, ಶುರುವಾದ ವೈದ್ಯಶಾಲೆಯಿಂದ ಬೆಳೆದು ಬಂದ ಸಂಸ್ಥೆ ಅದು. ಇಲ್ಲಿ ವಯಸ್ಸಾದವರನ್ನು ನೀನು ಬಹಳ ನೋಡುತ್ತೀ. 2011ರ ಜನಗಣತಿಯಲ್ಲೇ ಗೋವಾದ 100 ಜನರಲ್ಲಿ ಸುಮಾರು 11 ಮಂದಿ 60 ದಾಟಿದವರಿದ್ದರು. ರಾಜ್ಯಗಳ ಪೈಕಿ ಕೇರಳವೊಂದೇ ಇದಕ್ಕಿಂತ ಮುಂದಿತ್ತು. ಮಳೆ ಹಿಡಿದರೆ ಅಂಗಳ, ಮೆಟ್ಟಿಲು, ಬಾವಿಕಟ್ಟೆ ಎಲ್ಲ ಪಾಚಿ. ಕಾಲು ಜಾರಿ ಅಂಗೈ ಊರಿದವರಿಗೆ ಮಣಿಕಟ್ಟು ಮುರಿಯುತ್ತದೆ, ಪಕ್ಕಕ್ಕೆ ಬಿದ್ದವರಿಗೆ ಚಪ್ಪೆ ಅಥವಾ ಭುಜ.

ನಿನಗೆ ಮೊದಲು ಹೇಳಬೇಕಾದ್ದು ಇದು: ಸವೆದ ಎಲುಬಿನಲ್ಲಿ ನಿನ್ನ ಕೈಬಲವನ್ನು ನಂಬಬೇಡ. ಬೈಕಿನಿಂದ ಬಿದ್ದ ಹರೆಯದ ಹುಡುಗನ ತೊಡೆಯೆಲುಬಿಗೆ ಸ್ಕ್ರೂ ತಿರುಗಿಸುವಾಗ ಎಲುಬು ಎದುರು ನಿಲ್ಲುತ್ತದೆ, ಬಿಗಿಯಾಯಿತೆಂದು ಕೈಗೇ ತಿಳಿಯುತ್ತದೆ. 75ರ ಅಜ್ಜಿಯ ಎಲುಬಿನಲ್ಲಿ ಹೊರಗಿನ ಗಟ್ಟಿ ಪದರ ತೆಳುವಾಗಿರುತ್ತದೆ, ಒಳಗಿನ ಜಾಲರಿಯ ಎಷ್ಟೋ ಎಳೆಗಳು ಕಡಿದುಹೋಗಿರುತ್ತವೆ. ಮಳೆಗೆ ನೆನೆದ ಹಳೇ ಚೀರೆಕಲ್ಲಿನ ಗೋಡೆಗೆ ಮೊಳೆ ಹೊಡೆಯುವವರನ್ನು ಕೇಳು. ಒಂದು ಹದದವರೆಗೆ ಕಲ್ಲು ಹಿಡಿಯುತ್ತದೆ, ಇನ್ನೊಂದು ಏಟು ಬಿತ್ತೋ, ಕೆಂಪು ಪುಡಿ ಉದುರಿ ಮೊಳೆ ಕೈಗೇ ಬರುತ್ತದೆ. ಸ್ಕ್ರೂ ಕೂಡ ಹಾಗೇ. ಇನ್ನೂ ಸ್ವಲ್ಪ ಬಿಗಿಯಾಗಲಿ ಎಂದು ನೀನು ಕೊಡುವ ಕೊನೆಯ ಅರ್ಧ ಸುತ್ತಿಗೆ ಎಲುಬಿನೊಳಗಿನ ಮರೆ ಸವೆದುಹೋಗುತ್ತದೆ. ಆಮೇಲೆ ಆ ಸ್ಕ್ರೂ ಹೆಸರಿಗೆ ಮಾತ್ರ ಅಲ್ಲಿರುತ್ತದೆ. ಎಕ್ಸ್‌ರೇಯಲ್ಲಿ ಚೆಂದ ಕಾಣುತ್ತದೆ, ಹಿಡಿತ ಶೂನ್ಯ.

ಬೆಲ್ಜಿಯಂನ ರಾಬರ್ಟ್ ಡ್ಯಾನಿಸ್ 1949ರಲ್ಲಿ ಬರೆದದ್ದು, 1958ರಲ್ಲಿ ಸ್ವಿಟ್ಜರ್ಲೆಂಡಿನ ಮ್ಯುಲ್ಲರ್ ಮತ್ತು ಸಂಗಡಿಗರು ಎಓ ಗುಂಪು ಕಟ್ಟಿ ಬೆಳೆಸಿದ್ದು, ಒತ್ತಿ ಬಿಗಿಯುವ ವಿದ್ಯೆ. ಸ್ಕ್ರೂ ಪ್ಲೇಟನ್ನು ಎಲುಬಿಗೆ ಎಳೆದು ಅಪ್ಪಿಸುತ್ತದೆ; ಅವೆರಡರ ನಡುವಿನ ತಿಕ್ಕಾಟವೇ ಭಾರ ಹೊರುತ್ತದೆ. ಗಟ್ಟಿ ಎಲುಬಿಗೆ ಅದು ಇವತ್ತಿಗೂ ಒಳ್ಳೆಯ ವಿದ್ಯೆಯೇ. ಸವೆದ ಎಲುಬು ಅಷ್ಟು ಬಿಗಿತ ಕೊಡಲಾರದು. ರೋಗಿ ಎದ್ದು ನಡೆದಂತೆ ತುದಿಯ ಸ್ಕ್ರೂ ಮೊದಲು ಅಲುಗುತ್ತದೆ, ಭಾರ ಪಕ್ಕದ್ದರ ಮೇಲೆ ಬೀಳುತ್ತದೆ, ಹೀಗೆ ಒಂದೊಂದಾಗಿ ಕಳಚುತ್ತವೆ.

ಲಾಕಿಂಗ್ ಪ್ಲೇಟ್ ಬಂದದ್ದು ಈ ತೊಂದರೆಗೆ ಉತ್ತರವಾಗಿ. ಸ್ಕ್ರೂವಿನ ತಲೆಗೂ ಮರೆ, ಪ್ಲೇಟಿನ ತೂತಿಗೂ ಮರೆ. ಎರಡೂ ಸೇರಿ ಒಂದೇ ಚೌಕಟ್ಟು. ಪ್ಲೇಟು ಎಲುಬನ್ನು ಒತ್ತಬೇಕಿಲ್ಲ, ಭಾರವನ್ನು ಸ್ಕ್ರೂಗಳೆಲ್ಲ ಹಂಚಿಕೊಳ್ಳುತ್ತವೆ. ಆದರೆ ಇದರಲ್ಲೊಂದು ಮೋಸವಿದೆ, ಅದನ್ನು ಮನಸ್ಸಿನಲ್ಲಿ ಬರೆದಿಟ್ಟುಕೋ. ಲಾಕಿಂಗ್ ಸ್ಕ್ರೂ ತಿರುಗಿಸುವಾಗ ಕೊನೆಗೆ ಕೈಗೆ ಸಿಗುವ ಬಿಗಿತ ಲೋಹಕ್ಕೆ ಲೋಹ ಕಚ್ಚಿಕೊಂಡದ್ದು. ಎಲುಬು ಹಿಡಿದಿದೆಯೋ ಇಲ್ಲವೋ ಅದು ಹೇಳುವುದಿಲ್ಲ. ಎಲುಬಿನ ಸ್ಥಿತಿ ತಿಳಿಯಬೇಕೆಂದರೆ ಡ್ರಿಲ್ ಮಾಡುವಾಗಲೇ ಗಮನವಿಡು: ಎರಡನೇ ಗೋಡೆ ದಾಟಿದ್ದು ಕೈಗೆ ಗೊತ್ತಾಗದಷ್ಟು ಮೆತ್ತಗಿದ್ದರೆ ಎಲುಬು ಎಂಥದ್ದೆಂದು ಅಲ್ಲೇ ಉತ್ತರ ಸಿಕ್ಕಿತು. ಡ್ರಿಲ್ ಬಿಟ್ ಹರಿತವಾಗಿರಲಿ, ಗೈಡ್ ನೆಟ್ಟಗೆ ಕೂತಿರಲಿ, ಒಂದೇ ತೂತಿನಲ್ಲಿ ಸ್ಕ್ರೂ ಹಾಕಿ ತೆಗೆದು ಮತ್ತೆ ಹಾಕಬೇಡ. ಟಾರ್ಕ್ ಮಿತಿಯ ಹಿಡಿಕೆ ಟ್ರೇಯಲ್ಲಿರುವುದು ಬಳಸುವುದಕ್ಕೆ.

ಇನ್ನೊಂದು, ಜೋಡಣೆ ಸರಿಯಾಗುವ ಮುಂಚೆ ಲಾಕ್ ಮಾಡಬೇಡ. ಲಾಕ್ ಆದ ಬಿರುಕು ಬಿರುಕಾಗಿಯೇ ಉಳಿಯುತ್ತದೆ. ಕೂಡದ ಎಲುಬು ಕೊನೆಗೆ ಎಷ್ಟು ಒಳ್ಳೆಯ ಪ್ಲೇಟನ್ನೂ ಮುರಿಯುತ್ತದೆ. ಉದ್ದದ ಪ್ಲೇಟು ತೆಗೆದುಕೋ, ಎಲ್ಲ ತೂತು ತುಂಬಿಸುವ ಆಸೆ ಬಿಡು. ಚೂರುಚೂರಾದ ಜಾಗದ ಮೇಲೆ ಎರಡು ಮೂರು ತೂತು ಖಾಲಿ ಬಿಟ್ಟರೆ ಲೋಹಕ್ಕೂ ಆಯಾಸ ಕಡಿಮೆ, ಎಲುಬಿಗೂ ಕೂಡಲು ಬೇಕಾದ ಚೂರು ಅಲುಗಾಟ ಸಿಗುತ್ತದೆ. ಉದ್ದೆಲುಬಿನ ನಡುಭಾಗದಲ್ಲಿ ಪದರ ತೆಳುವಾಗಿದ್ದರೆ ಸ್ಕ್ರೂ ಎರಡೂ ಗೋಡೆ ಹಿಡಿಯಲಿ.

ಮಣಿಕಟ್ಟಿನಲ್ಲಿ ಮಾತ್ರ ಲೆಕ್ಕ ತಿರುವುಮುರುವು. ಕೀಲಿನ ಹತ್ತಿರದ ಸ್ಕ್ರೂ ಬೆನ್ನ ಕಡೆಯ ಗೋಡೆ ದಾಟಿ ಹೊರಟರೆ ಹೆಬ್ಬೆರಳು ಎತ್ತುವ ಸ್ನಾಯುರಜ್ಜು ಅದಕ್ಕೆ ಉಜ್ಜಿ ಹರಿಯುತ್ತದೆ. ಅಲ್ಲಿ ಸ್ವಲ್ಪ ಗಿಡ್ಡವೇ ಲೇಸು. ಭುಜದಲ್ಲಿ ಒಳಬದಿಯ ಕೆಳಗಿನ ಆಸರೆಯ ಸ್ಕ್ರೂಗಳನ್ನು ಮರೆಯಬೇಡ. ಅವಿಲ್ಲದಿದ್ದರೆ ತೋಳೆಲುಬಿನ ತಲೆ ವಾಲುತ್ತದೆ, ಗಟ್ಟಿಯಾಗಿ ನಿಂತ ಸ್ಕ್ರೂಗಳ ಮೊನೆ ಮೆತ್ತನೆಯ ತಲೆಯನ್ನು ತೂರಿ ಕೀಲಿಗೆ ಬರುತ್ತದೆ. ಚಪ್ಪೆಯ ಸ್ಕ್ರೂವಿಗೆ ಬೌಮ್‌ಗಾರ್ಟ್ನರ್ ಮತ್ತು ಸಂಗಡಿಗರು 1995ರಲ್ಲಿ ಕೊಟ್ಟ ಅಳತೆ ನಿನಗೆ ಗೊತ್ತು: ಎರಡೂ ಎಕ್ಸ್‌ರೇಗಳಲ್ಲಿ ಸ್ಕ್ರೂ ತುದಿಯಿಂದ ತೊಡೆಯೆಲುಬಿನ ತಲೆಯ ತುದಿಗಿರುವ ದೂರ ಕೂಡಿಸಿದರೆ 25 ಮಿಲಿಮೀಟರ್ ಒಳಗಿರಬೇಕು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ಸಾಲದು. ಸಿ-ಆರ್ಮ್ ಪರದೆಯ ಮುಂದೆ ನಿಂತಾಗ, ಎಷ್ಟೇ ಹೊತ್ತಾಗಿರಲಿ, ಅಳೆದು ನೋಡು.

ಮುದುಕರಿಗೆ ‘ಅರ್ಧ ಭಾರ ಮಾತ್ರ ಹಾಕಿ’ ಎಂದು ಹೇಳುವುದರಲ್ಲಿ ಅರ್ಥವಿಲ್ಲ. ಅವರ ತೋಳಿನಲ್ಲಿ ಅಷ್ಟು ಕಸುವಿಲ್ಲ, ಸಮತೋಲವೂ ಇಲ್ಲ. ಹಾಕಿದರೆ ಪೂರ್ತಿ ಭಾರ, ಇಲ್ಲವೆಂದರೆ ಹಾಸಿಗೆ. ಹಾಸಿಗೆ ಹಿಡಿದರೆ ಬೆನ್ನಿಗೆ ಹುಣ್ಣು, ಎದೆಗೆ ಕಫ. ಆದ್ದರಿಂದ ಮಾರನೇ ದಿನ ಎದ್ದು ನಿಲ್ಲುವವರ ಭಾರವನ್ನು ನಿನ್ನ ಜೋಡಣೆ ತಡೆಯುವುದೇ ಎಂದು ಥಿಯೇಟರಿಗೆ ಹೋಗುವ ಮೊದಲೇ ಯೋಚಿಸು. ತಡೆಯದು ಅನಿಸಿದರೆ ಪ್ಲೇಟಿನ ಹಠ ಬಿಟ್ಟು ಒಳಗೆ ರಾಡ್ ಹಾಕು, ಇಲ್ಲವೇ ಕೀಲನ್ನೇ ಬದಲಿಸು.

ಇಷ್ಟೆಲ್ಲ ಮಾಡಿ ಎಲುಬಿಗೆ ಔಷಧ ಬರೆಯದೆ ಮನೆಗೆ ಕಳಿಸುವುದನ್ನು ಕಂಡಾಗೆಲ್ಲ ನನಗೆ ಸಂಕಟವಾಗುತ್ತದೆ. ಒಂದು ಕಡೆ ಮುರಿದವರಿಗೆ ಇನ್ನೊಂದು ಕಡೆ ಮುರಿಯುವ ಭಯ ಬೆನ್ನಿಗೇ ಇರುತ್ತದೆ. 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಚಪ್ಪೆ ಆಪರೇಷನ್ ಆದವರಿಗೆ ವರ್ಷಕ್ಕೊಮ್ಮೆ ಜೊಲೆಡ್ರೋನಿಕ್ ಆಸಿಡ್ ಇಂಜೆಕ್ಷನ್ ಕೊಟ್ಟಾಗ ಹೊಸ ಮುರಿತ ಶೇ. 35ರಷ್ಟು, ಸಾವು ಶೇ. 28ರಷ್ಟು ಕಡಿಮೆಯಾದವು. ಮೊದಲು ವಿಟಮಿನ್ ಡಿ, ಕ್ಯಾಲ್ಸಿಯಂ, ಕಿಡ್ನಿ ನೋಡಿಕೋ. ಡೆಕ್ಸಾ ಸ್ಕ್ಯಾನಿಗೆ ಬರೆ. ಬಿಸಿಲಿನ ನಾಡಿನವರಿಗೆ ವಿಟಮಿನ್ ಡಿ ಕೊರತೆ ಇರಲಾರದೆಂದು ತಿಳಿಯಬೇಡ; ಮನೆಯೊಳಗೇ ಕೂತ ಮುದುಕರಿಗೆ ಬಿಸಿಲೆಲ್ಲಿ ಬೀಳುತ್ತದೆ?

ವಾಸ್ಕೋ, ಜುವಾರಿನಗರದಿಂದ ನಮ್ಮ ಬಾಗಲಕೋಟೆ, ವಿಜಯಪುರ, ಗದಗ ಕಡೆಯ ಜನ ಬರುತ್ತಾರೆ. ಮಗ ದುಡಿಯಲು ಬಂದು ನೆಲೆಸಿದವನು, ತಾಯಿ ಅವನ ಜೊತೆ ಬಂದವಳು. ಹೊಲಿಗೆ ಬಿಚ್ಚಿದ ಮೇಲೆ ಆಕೆ ಬಸ್ಸು ಹತ್ತಿ ಊರಿಗೆ ಹೋಗುತ್ತಾಳೆ, ನೀನು ಬೇಡವೆಂದರೂ ಹೋಗುತ್ತಾಳೆ. ಬಯ್ಯಬೇಡ. ಆಕೆಯ ಮಾತು ಬರುವ ಡಾಕ್ಟರು ಎದುರಿಗಿರುವುದು ನೀನೊಬ್ಬಳೇ ಇರಬಹುದು. ಬಚ್ಚಲಲ್ಲಿ ಹಿಡಿಕೆ ಇದೆಯೇ, ರಾತ್ರಿ ಹೊರಗೆ ಹೋಗುವ ದಾರಿಗೆ ದೀಪವಿದೆಯೇ, ನಿದ್ದೆ ಮಾತ್ರೆ ತಗೋತೀಯೇನವ್ವಾ ಎಂದು ಕೂತು ಕೇಳು. ಡಿಸ್ಚಾರ್ಜ್ ಹಾಳೆಯ ಬೆನ್ನಿಗೆ ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದುಕೊಡು: ಮುಂದಿನ ಎಕ್ಸ್‌ರೇ ಯಾವ ತಿಂಗಳು, ಇಂಜೆಕ್ಷನ್ ಯಾವಾಗ, ನೋವು ಹೆಚ್ಚಾದರೆ ಯಾವ ನಂಬರಿಗೆ ಫೋನು. ಎಕ್ಸ್‌ರೇಯನ್ನು ಊರ ಹತ್ತಿರದ ತಾಲೂಕು ಆಸ್ಪತ್ರೆಯಲ್ಲೇ ತೆಗೆಸಿ ಮಗನ ಮೊಬೈಲಿನಿಂದ ಕಳಿಸಿದರೂ ಆದೀತೆಂದು ಹೇಳು, ಬಂದಾಗ ಅದೇ ದಿನ ನೋಡಿ ಉತ್ತರ ಕೊಡು.